ತವರಿನ ನೀರು, ಕೋಠಿಯ ಧೂಳು

ನನ್ನ ಸೊಸೆ ಮನೆಗೆ ಬಂದಳು. ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು, ಬಟ್ಟೆಯ ಬ್ಯಾಗುಗಳನ್ನು ನನ್ನ ಮಗನ ಮೇಲೆ ಹೊರಿಸಿ, ಇವತ್ತು ಬೆಳಿಗ್ಗೆ ಬಸ್ಸಿಳಿದು ನಡೆದೇ ಬಂದಳು. ನೆಂಟರ ಹಾಗೆ ನಾಲ್ಕು ದಿನ ಇದ್ದು ಹೋಗುವುದಕ್ಕಲ್ಲ, ಇರುವುದಕ್ಕೇ ಬಂದಿದ್ದಾಳೆ. ಬಸ್ಸು ನಿಲ್ಲುವಲ್ಲಿಂದ ನಮ್ಮ ಮನೆಗೆ ಒಂದು ಏರು ಹತ್ತಬೇಕು. ಮಗುವನ್ನು ಎತ್ತಿಕೊಂಡೇ ಹತ್ತಿದಳು, ನಡುವೆ ಎಲ್ಲೂ ನಿಲ್ಲಲಿಲ್ಲ. ನಾನು ಜಗುಲಿಯ ಮೇಲೆ ನಿಂತು ಅವಳ ಉಸಿರಿಗೇ ಕಿವಿ ಕೊಟ್ಟಿದ್ದೆ. ಸಿಳ್ಳೆ ಇಲ್ಲ. ಗೊರಗೊರ ಇಲ್ಲ.

"ಯಾಕ್ ಮಾವ, ಹಂಗೆ ನಿಂತ್ಬುಟ್ರಿ? ಮಗೀನ ಇಸ್ಕೊಳಿ, ಕೈ ನೋಯ್ತಾವೆ" ಎಂದಳು.

ಇಸಕೊಂಡೆ. ಮೊಮ್ಮಗಳು ನನ್ನ ಮೀಸೆ ಹಿಡಿದು ಎಳೆದಳು. ನನಗೆ ಆದ ಸಂತೋಷ ಎಷ್ಟು ಅಂದರೆ, ಎದುರು ಮನೆಯವನನ್ನು ಕರೆದು ಹೇಳಿದೆ, ಹಾಲಿನ ಡೈರಿಯಲ್ಲಿ ಹೇಳಿದೆ, ದಾರಿಯಲ್ಲಿ ಹೋಗುತ್ತಿದ್ದ ಗೊಬ್ಬರದ ಟ್ರ್ಯಾಕ್ಟರಿನವನನ್ನೂ ನಿಲ್ಲಿಸಿ ಹೇಳಿದೆ. ಅವನಿಗೆ ನಾನು ಯಾರೆಂದೇ ಗೊತ್ತಿಲ್ಲ. "ಒಳ್ಳೇದಾಯ್ತು ಬುಡಿ ಯಜಮಾನ್ರೆ" ಎಂದು ಹೋದ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವುದು ನಿಧಾನ. ಆದರೂ ಇದನ್ನು ಬರೆದಿಡಬೇಕು ಅನ್ನಿಸಿತು. ನಮ್ಮ ಹಾಗೆ ಸುತ್ತಿ ಬಳಸಿ ಒದ್ದಾಡುವವರು ಇನ್ನೂ ಇದ್ದಾರೆ.

ನಮ್ಮೂರು ಮಾಗಡಿ ಕಡೆಯದು. ಹಿತ್ತಲಿಗೆ ಹೋದರೆ ಸಾವನದುರ್ಗದ ಬಂಡೆ ಕಾಣುತ್ತದೆ. ಒಂದಿಷ್ಟು ಹೊಲ, ಒಂದಿಷ್ಟು ಹಿಪ್ಪುನೇರಳೆ, ಕೊಟ್ಟಿಗೆ ತುಂಬ ಕುರಿ. ರೇಷ್ಮೆ ಹುಳು ಮೇಯಿಸುವುದನ್ನು ಬಿಟ್ಟು ಬಹಳ ಕಾಲವಾಯಿತು, ಈಗ ಸೊಪ್ಪು ಮಾತ್ರ ಮಾರುತ್ತೇವೆ. ಮಗ ಬಿಡದಿಯ ಒಂದು ಕಾರ್ಖಾನೆಗೆ ಶಿಫ್ಟಿನ ಮೇಲೆ ಹೋಗುತ್ತಾನೆ. ಸೊಸೆ ಕನಕಪುರದ ಕಡೆಯವಳು, ಪಿಯುಸಿ ಮಾಡಿದವಳು. ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಮಗು ಅಜ್ಜಿಯ ಕೈಲಿ ಇರುವುದನ್ನು ಕಲಿತ ಮೇಲೆ, ಪೇಟೆಯ ಹೊರಗಿದ್ದ ಒಂದು ಖಾಸಗಿ ಬಿತ್ತನೆ ಕೋಠಿಗೆ ಕೆಲಸಕ್ಕೆ ಸೇರಿದಳು. ಕೋಠಿ ಎಂದರೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಾಗುವ ಜಾಗ. ರೈತರು ಅಲ್ಲಿಂದ ಮೊಟ್ಟೆಯ ಹಾಳೆ ತಂದು ಮನೆಯಲ್ಲಿ ಹುಳು ಮಾಡಿಕೊಳ್ಳುತ್ತಾರೆ.

ನಮ್ಮ ಸೀಮೆಯಲ್ಲಿ ಹುಳು ಗೊತ್ತಿಲ್ಲದ ಮನೆ ಇಲ್ಲ. ಹುಳುವಿಗೆ ಯಾವಾಗ ಜ್ವರ, ಯಾವಾಗ ಹಸಿವು ಎಂದು ಹೆಂಗಸರು ತಮ್ಮ ಮಕ್ಕಳನ್ನು ನೋಡುವುದಕ್ಕಿಂತ ಚೆನ್ನಾಗಿ ನೋಡುತ್ತಾರೆ. ಆದರೆ ಚಿಟ್ಟೆ ನಮಗೆ ಗೊತ್ತಿಲ್ಲ. ಗೂಡು ಕಟ್ಟಿದ ಕೂಡಲೇ ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಹಾಕಿಬಿಡುತ್ತೇವೆ. ನೂಲು ತೆಗೆಯುವವರು ಬಿಸಿನೀರಿಗೆ ಹಾಕುತ್ತಾರೆ. ಗೂಡಿನೊಳಗಿನದು ಚಿಟ್ಟೆಯಾಗಿ ಹೊರಗೆ ಬರುವುದು ಕೋಠಿಯಲ್ಲಿ ಮಾತ್ರ. ನಾನು ಇಷ್ಟು ವಯಸ್ಸಾದರೂ ಅದನ್ನು ನೋಡಿರಲಿಲ್ಲ. ಸೊಸೆ ಹೇಳಿಯೇ ಗೊತ್ತಾಗಿದ್ದು.

"ಬೆಳಕಾಯ್ತಿದ್ದಂಗೆ ಗೂಡು ತೂತು ಮಾಡ್ಕೊಂಡು ಬತ್ತವೆ ಅತ್ತೆ" ಎಂದು ಅವಳು ನನ್ನ ಹೆಂಡತಿಗೆ ಹೇಳುತ್ತಿದ್ದಳು. "ಗಂಡು ಹೆಣ್ಣು ಆರ್ಸಿ ನಾವೇ ಜೋಡಿ ಮಾಡ್ತೀವಿ. ಒಸಿ ಹೊತ್ತಾದ್ಮೇಲೆ ನಾವೇ ಬುಡುಸ್ತೀವಿ. ಆಮೇಕೆ ಹೆಣ್ಣನ್ನ ಹಾಳೆ ಮೇಲೆ ಮೊಟ್ಟೆಗೆ ಬುಡೋದು."

"ಬೆಳಿಗ್ಗೆ ಮದುವೆ, ಮಧ್ಯಾಹ್ನ ಬೇರೆ! ಇದ್ಯಾವ ಪಾಪದ ಕೆಲ್ಸ ಕಣವ್ವಾ" ಎಂದಳು ನನ್ನ ಹೆಂಡತಿ.

"ಊಟಾನೂ ಹಾಕಾಕಿಲ್ಲ ಅತ್ತೆ. ಆ ಚಿಟ್ಟೆಗೆ ಬಾಯೇ ಇಲ್ಲ."

ಕೋಠಿಯಿಂದ ಬಂದಾಗ ಅವಳ ಹುಬ್ಬು ಬೆಳ್ಳಗಿರುತ್ತಿತ್ತು. ಸೆರಗಿನ ಮೇಲೆ ಜರಡಿ ಹಿಡಿದ ಹಿಟ್ಟಿನಂಥ ಪುಡಿ. ಚಿಟ್ಟೆಯ ರೆಕ್ಕೆಯದು. ಅವು ರೆಕ್ಕೆ ಬಡಿದಾಗಲೆಲ್ಲ ಉದುರುತ್ತದಂತೆ. ಬೆಳಕು ಬಿದ್ದರೆ ಚಿಟ್ಟೆ ಗಾಬರಿಯಾಗುತ್ತವೆ ಎಂದು ಕಿಟಕಿ ಮುಚ್ಚಿರುತ್ತಾರೆ. ಮನೆಯ ಬಾಗಿಲಲ್ಲಿ ನಿಂತು ಸೆರಗು ಕೊಡವಿ ಒಳಗೆ ಬರುತ್ತಿದ್ದಳು. ನಾವು ಅದಕ್ಕೂ ನಗುತ್ತಿದ್ದೆವು, ಪೌಡರ್ ಹಚ್ಚಿಕೊಂಡು ಬಂದಳು ಎಂದು.

ಮೊದಲ ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ಮಳೆಗಾಲದಲ್ಲಿ ಮೂಗು ಸೋರುವುದು, ಕಣ್ಣು ಉಜ್ಜುವುದು. ಶೀತ ಎಂದುಕೊಂಡೆವು. ಆಮೇಲೆ ಕೆಮ್ಮು. ಅದಾದ ಮೇಲೆ ಸಂಜೆಯಾದರೆ ಸಾಕು, ಉಸಿರಿನಲ್ಲಿ ಸಿಳ್ಳೆ ಏಳುವುದು. ಒಲೆಯ ಮುಂದೆ ಕೂತವಳು ಎದ್ದು ಬಾಗಿಲ ದಾರಂದ ಹಿಡಿದು ನಿಲ್ಲುತ್ತಿದ್ದಳು. ಮಾತಾಡಿದರೆ ಅರ್ಧ ಮಾತಿಗೆ ನಿಲ್ಲಿಸಿ ಗಾಳಿ ಎಳೆದುಕೊಳ್ಳಬೇಕು. ಮಗು ಎತ್ತಿಕೋ ಎಂದು ಕೈ ಚಾಚಿದರೆ ಎತ್ತಿಕೊಳ್ಳಲಾಗದು. ಮಗು ಅಳುವುದು, ಅವಳೂ ಅಳುವುದು.

ಇಲ್ಲಿ ಒಂದು ವಿಷಯ ಹೇಳಬೇಕು, ನಾವು ದಾರಿ ತಪ್ಪಿದ್ದು ಇದರಿಂದಲೇ. ಕೋಠಿಯಲ್ಲಿ ಇದ್ದಷ್ಟು ಹೊತ್ತು ಅವಳು ಹೆಚ್ಚುಕಡಿಮೆ ಚೆನ್ನಾಗಿಯೇ ಇರುತ್ತಿದ್ದಳು. ಮನೆಗೆ ಬಂದು, ಕೈಕಾಲು ತೊಳೆದು, ಕಾಫಿ ಕುಡಿದ ಮೇಲೆ ಶುರುವಾಗುತ್ತಿತ್ತು. ಅಂದ ಮೇಲೆ ತೊಂದರೆ ಎಲ್ಲಿದೆ? ಮನೆಯಲ್ಲಿ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಪೇಟೆಯ ಡಾಕ್ಟರಿಗೆ ತೋರಿಸಿದೆವು. ಕ್ಷಯ ಇರಬಹುದು ಎಂದು ಎದೆಯ ಫೋಟೋ ತೆಗೆಸಿದರು. ಕ್ಷಯ ಅಲ್ಲ. ಸಿರಪ್ಪು ಕೊಟ್ಟರು, ಬಾಯಿಗೆ ಎಳೆದುಕೊಳ್ಳುವ ಗಾಳಿಯ ಔಷಧಿ ಕೊಟ್ಟರು. ಎಳೆದುಕೊಂಡಾಗ ಸರಿ, ಮಾರನೆಯ ಸಂಜೆ ಮತ್ತೆ ಅದೇ. ಏನು ಕೆಲಸ ಎಂದು ಕೇಳಿದ್ದರು. "ರೇಷ್ಮೆ ಕೆಲ್ಸ" ಎಂದಿದ್ದೆ. ನಮ್ಮ ಜಿಲ್ಲೆಯಲ್ಲಿ ರೇಷ್ಮೆ ಕೆಲಸ ಎಂದರೆ ಉಸಿರಾಡುತ್ತೇನೆ ಎಂದು ಹೇಳಿದ ಹಾಗೆ. ಅವರು ಮುಂದೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ತವರಿನಲ್ಲಿ ಒಂದು ಮದುವೆ ಬಂತು. ಹೋಗಿ ಎರಡು ವಾರ ಇದ್ದಳು. ಸಿಳ್ಳೆ ನಿಂತಿತು! ಬೀಗಿತ್ತಿ ಫೋನು ಮಾಡಿ, "ನಮ್ಮ ಹುಡ್ಗಿ ಗುಂಡ್ಕಲ್ಲಂಗವ್ಳೆ, ಮುದ್ದೆ ಉಣ್ತಾವ್ಳೆ" ಎಂದರು. ವಾಪಸ್ಸು ಬಂದಳು. ಕೋಠಿಗೆ ಹೋದಳು. ಆ ವಾರದಲ್ಲೇ ಮತ್ತೆ ದಾರಂದ ಹಿಡಿದು ನಿಂತಳು. ಮುಂದಿನ ಹಬ್ಬಕ್ಕೆ ತವರಿಗೆ ಹೋದಳು, ಹುಷಾರು. ಬಂದಳು, ಕಾಯಿಲೆ. ಊರಿನ ಹೆಂಗಸರೆಲ್ಲ ಸೇರಿ ತೀರ್ಮಾನ ಕೊಟ್ಟರು: ಈ ಮನೆಯ ನೀರು ಅವಳಿಗೆ ಒಗ್ಗುತ್ತಿಲ್ಲ.

ನನಗೂ ಅದೇ ಸರಿ ಕಂಡಿತು. ಹಾಗಾದರೆ ತವರಿನ ನೀರನ್ನೇ ತಂದರಾಯಿತಲ್ಲ! ಎರಡು ಕ್ಯಾನು ಹಿಡಿದು ಬಸ್ಸಿನಲ್ಲಿ ಹೊರಟೆ. ಬೀಗರ ಬೋರ್‌ವೆಲ್ಲಿನ ನೀರು ತುಂಬಿಸಿಕೊಂಡು ಬಂದೆ. ವಾರ ವಾರ ಇದೇ ಕೆಲಸ. ಕಂಡಕ್ಟರಿಗೆ ನಾನು ಗುರುತಾಗಿ ಹೋದೆ.

"ಯಾಕ್ ತಾತ, ಮಾಗ್ಡೀಲಿ ನೀರು ಬತ್ತೋಯ್ತಾ?"

"ಐತೆ ಕಣಪ್ಪ. ನಮ್ಮ ಸೊಸೆಗೆ ಒಗ್ಗಾಕಿಲ್ಲ."

"ಹಂಗಾರೆ ನೀರ್ ಯಾಕ್ ಹೊರ್ತೀಯಾ, ಸೊಸೇನೇ ಅಲ್ಲಿಗೆ ಕಳ್ಸು. ಭಾರ ತಪ್ತದೆ."

ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ.

ತವರಿನ ನೀರು ಕುಡಿದಳು, ಅದರಲ್ಲೇ ಅಡುಗೆ, ಅದರಲ್ಲೇ ಮುಖ ತೊಳೆದಳು. ಸಿಳ್ಳೆ ನಿಲ್ಲಲಿಲ್ಲ. ಆಗ ತಪ್ಪು ಕುರಿಗಳ ಮೇಲೆ ಬಂತು. ಕುರಿಯ ಕೂದಲು, ಕುರಿಯ ಗಂಜಲ, ಅದರ ವಾಸನೆ. ತವರಿನಲ್ಲಿ ಕುರಿ ಇಲ್ಲವಲ್ಲ! ಸರಿ, ಕುರಿಗಳನ್ನು ಹೊಡೆದುಕೊಂಡು ಹೋಗಿ ನನ್ನ ತಮ್ಮನ ದೊಡ್ಡಿಗೆ ಬಿಟ್ಟು ಬಂದೆ. ಕೊಟ್ಟಿಗೆಯನ್ನು ಉಜ್ಜಿ ಉಜ್ಜಿ ತೊಳೆದೆ. ಎಷ್ಟೋ ವರ್ಷದಿಂದ ಕುರಿಯ ಸದ್ದಿಗೆ ಏಳುತ್ತಿದ್ದವನು, ಸುಮ್ಮನೆ ಎದ್ದು ಜಗುಲಿಯ ಮೇಲೆ ಕೂರುವ ಹಾಗಾಯಿತು. ಆದರೂ ಸಂಜೆಯಾದರೆ ಸಿಳ್ಳೆ.

ಕಡೆಗೆ ಬೀಗರು ಬಂದು ಜಗುಲಿಯ ಮೇಲೆ ಕೂತರು. ಕಾಫಿ ಮುಟ್ಟಲಿಲ್ಲ. "ಬೀಗ್ರೆ, ನಿಮ್ ಮೇಲೆ ನಂಗೆ ಬೇಸ್ರ ಇಲ್ಲ. ಆದ್ರೆ ಮಗಳನ್ನ ಹಿಂಗೆ ನೋಡಾಕಾಗಾಕಿಲ್ಲ. ಮಗೀನೂ ಕರ್ಕೊಂಡು ನಮ್ಮನೇಲೇ ಇರ್ಲಿ. ಅಳಿಯಂದ್ರು ಅಲ್ಲಿಗೇ ಬಂದು ಹೋಗಿ ಮಾಡ್ಲಿ" ಎಂದರು. ನನ್ನ ಹೆಂಡತಿ ಒಳಗಿನಿಂದ, "ಯಾವತ್ತಿನ್‌ಗಂಟ?" ಎಂದು ಕೇಳಿದಳು. ಬೀಗರು ಅವತ್ತೇ ಮಗಳನ್ನೂ ಮಗುವನ್ನೂ ಕರೆದುಕೊಂಡು ಹೊರಟರು.

ಮೊಮ್ಮಗಳ ಪುಟ್ಟ ಚಪ್ಪಲಿ ಒಂದು ಜೊತೆ ಇಲ್ಲೇ ಉಳಿದುಬಿಟ್ಟಿತು. ನನ್ನ ಹೆಂಡತಿ ಅದನ್ನು ತೆಗೆದಿಡಲೂ ಇಲ್ಲ, ಕಳುಹಿಸಲೂ ಇಲ್ಲ. ಮಗ ಶಿಫ್ಟು ಮುಗಿಸಿ ಬಿಡದಿಯಿಂದ ಕನಕಪುರಕ್ಕೆ, ಅಲ್ಲಿಂದ ಇಲ್ಲಿಗೆ ಬೈಕಿನಲ್ಲಿ ಸುತ್ತಿ ಸುತ್ತಿ ಬಡಕಲಾದ. ಬಿಡದಿಯಲ್ಲೇ ಬಾಡಿಗೆಗೆ ಮನೆ ಮಾಡಲಾ ಎಂದು ಒಂದು ಸಲ ಕೇಳಿದ. ಮಾಡಿಕೊಳ್ಳಪ್ಪ ಎಂದೆ. ಬೇರೆ ಏನು ಹೇಳಲಿ? ಒಂದು ಮನೆಯೇ ಒಬ್ಬ ಹೆಣ್ಣುಮಗಳಿಗೆ ಆಗಿಬರುವುದಿಲ್ಲ ಎಂದ ಮೇಲೆ ಆ ಮನೆ ಕಟ್ಟಿದವನು ಏನು ಮಾಡಬೇಕು?

ತವರಿನಲ್ಲಿ ಅವಳು ಪೂರ್ತಿ ಹುಷಾರಾದಳು. ಹುಷಾರಾದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಗೊತ್ತಿದ್ದ ಕೆಲಸ ಒಂದೇ. ಕನಕಪುರದ ಹತ್ತಿರದ ಇನ್ನೊಂದು ಕೋಠಿಗೆ ಸೇರಿದಳು. ಅದಾಗಿ ಕೆಲವೇ ದಿನಕ್ಕೆ ಬೀಗರ ಫೋನು ಬಂತು. ದನಿ ಸಣ್ಣಗಾಗಿತ್ತು.

"ಬೀಗ್ರೆ, ಏನೇಳಾನಾ... ಹುಡ್ಗಿಗೆ ಇಲ್ಲೂ ಸುರುವಾಗೈತೆ."

"ಏನು, ಸಿಳ್ಳೆನಾ?"

"ಊಂ. ನಮ್ಮ ನೀರೂ ಒಗ್ತಾ ಇಲ್ವಲ್ಲ ಬೀಗ್ರೆ."

ಸೊಸೆಗೆ ಕಾಯಿಲೆ ಬಂದಿದೆ ಎಂದು ಕೇಳಿ ಖುಷಿಪಡುವುದು ತಪ್ಪು. ಆದರೆ ನಡೆದದ್ದನ್ನು ನಡೆದ ಹಾಗೆ ಬರೆಯಬೇಕಲ್ಲ. ಫೋನು ಇಟ್ಟವನೇ ಹೆಂಡತಿಗೆ, "ನಮ್ಮನೇದಲ್ಲ ಕಣೇ, ನಮ್ಮನೇದಲ್ಲ!" ಎಂದು ಕೂಗಿದೆ. ಅವಳು ಬೆನ್ನಿಗೆ ಗುದ್ದಿ, "ಅಲ್ಲಿ ಹುಡ್ಗಿ ಉಸ್ರು ಕಟ್ಕೊಂಡು ಒದ್ದಾಡ್ತಾವ್ಳೆ, ಕುಣಿಯೋಕೆ ನಿಂತವ್ನೆ ಮುದ್ಕ. ನಡಿ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಾನ" ಎಂದಳು.

ರಾಮನಗರದ ದೊಡ್ಡಾಸ್ಪತ್ರೆಯಲ್ಲಿ ಎಲ್ಲರೂ ಸೇರಿದೆವು. ಬೆಂಚಿನ ಮೇಲೆ ಬಹಳ ಹೊತ್ತು ಕೂರಬೇಕಾಯಿತು. ಪಕ್ಕದಲ್ಲಿ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುವ ಒಬ್ಬ, ನನಗಿಂತ ಚಿಕ್ಕವನು, ಆದರೆ ಎದೆ ಗೋಡೆಯ ಗೂಡಿನ ಹಾಗೆ ಒಳಕ್ಕೆ ಹೋಗಿದೆ. ಅವನಾಚೆ ನೂಲು ತೆಗೆಯುವ ಒಬ್ಬ ಹೆಂಗಸು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳು ಬಿಳಿಚಿ, ಸಂದುಗಳು ಬಿರಿದಿದ್ದವು.

"ನಿಂಗೇನಪ್ಪಾ?" ಎಂದು ಕೇಳಿದೆ ಕ್ವಾರಿಯವನನ್ನು.

"ಬೀಡಿ ಅಣ್ಣ. ಬೀಡಿಯಿಂದ ಹಿಂಗಾಗೈತೆ. ಬುಟ್ಟು ವರ್ಷ ಆಯ್ತು, ಆದ್ರೂ ಬಿಡ್ತಾ ಇಲ್ಲ."

"ನಂದು ಸೋಪಿಂದು" ಎಂದಳು ಆ ಹೆಂಗಸು. "ಬಟ್ಟೆ ಒಗ್ಯೋ ಸೋಪು ಬದ್ಲಾಯ್ಸಿದೆ, ಅವತ್ತಿಂದ."

"ನಮ್ಮುಡುಗೀದು ನೀರಿಂದು" ಎಂದರು ಬೀಗರು, ಅಭ್ಯಾಸದ ಮೇಲೆ.

ಈಗ ನೆನೆಸಿಕೊಂಡರೆ ಆ ಬೆಂಚು ಕಣ್ಣಿಗೆ ಕಟ್ಟುತ್ತದೆ. ಕಲ್ಲಿನ ಧೂಳು ಕುಡಿದವನು ಬೀಡಿಯನ್ನು ಬೈಯುತ್ತಿದ್ದ. ದಿನವೆಲ್ಲ ಕೈ ಬೇಯಿಸಿಕೊಂಡವಳು ಸೋಪನ್ನು ಬೈಯುತ್ತಿದ್ದಳು. ಅನ್ನ ಕೊಡುವ ಕೆಲಸದ ಮೇಲೆ ತಪ್ಪು ಹೊರಿಸಲು ಯಾರಿಗೂ ಬಾಯಿ ಬಂದಿರಲಿಲ್ಲ, ನಮಗೂ ಸೇರಿ.

ಡಾಕ್ಟರು ಒಬ್ಬ ಹೆಣ್ಣುಮಗಳು. ಎದೆಗೆ ನಳಿಗೆ ಇಟ್ಟು ಕೇಳಿದ ಮೇಲೆ, "ಏನು ಕೆಲಸ ಮಾಡ್ತೀಯಮ್ಮಾ?" ಎಂದರು.

"ರೇಷ್ಮೆ ಕೆಲ್ಸ ಮೇಡಂ" ಎಂದೆ ನಾನು.

"ನೀವು ಸುಮ್ನಿರಿ ತಾತ. ನೀನು ಹೇಳಮ್ಮ. ಬೆಳಿಗ್ಗೆ ಹೋದ ಮೇಲೆ ನಿನ್ನ ಕೈ ಏನು ಮಾಡುತ್ತೆ, ಅದನ್ನ ಹೇಳು."

ಸೊಸೆ ಹೇಳಿದಳು. ಗೂಡು, ಚಿಟ್ಟೆ, ಜೋಡಿ, ಬಿಡಿಸುವುದು, ಮುಚ್ಚಿದ ಕಿಟಕಿ, ಹುಬ್ಬಿನ ಮೇಲಿನ ಪುಡಿ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು.

"ತವರಿಗೆ ಹೋದಾಗ ಕೋಠಿಗೆ ಹೋಗ್ತಿದ್ದೆಯಾ?"

"ಇಲ್ಲ ಮೇಡಂ, ರಜ ಹಾಕಿರ್ತಿದ್ದೆ."

ನಾನು ಬೀಗರ ಮುಖ ನೋಡಿದೆ, ಬೀಗರು ನನ್ನ ಮುಖ ನೋಡಿದರು. ಅಷ್ಟೂ ಕ್ಯಾನು ನೀರು ಇಬ್ಬರ ಕಣ್ಣ ಮುಂದೆಯೂ ಹಾದುಹೋಯಿತು.

ಡಾಕ್ಟರು ಬಿಡಿಸಿ ಹೇಳಿದರು. ಆ ರೆಕ್ಕೆಯ ಪುಡಿ ಕೆಲವರ ಮೈಗೆ ಆಗುವುದಿಲ್ಲ. ಮೊದಲು ಸುಮ್ಮನಿರುತ್ತದೆ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಸಿರಿನಲ್ಲಿ ಹೋಗಿ ಹೋಗಿ ಒಂದು ದಿನ ಮೈ ತಿರುಗಿ ಬೀಳುತ್ತದೆ. ಆಮೇಲೆ ಚಿಟಿಕೆಯಷ್ಟು ಹೋದರೂ ಸಾಕು. ಬೆಳಿಗ್ಗೆ ಹೋದದ್ದು ಸಂಜೆ ತೊಂದರೆ ಕೊಡುವುದೂ ಉಂಟು, ಅದಕ್ಕೇ ಮನೆಯ ಮೇಲೆ ಅನುಮಾನ ಬರುತ್ತದೆ. ಕೈಲಿ ಹಿಡಿಯುವಂಥ ಒಂದು ಕೊಳವೆ ಬರೆದುಕೊಟ್ಟರು. ಜೋರಾಗಿ ಊದಿದರೆ ಅದರ ಮುಳ್ಳು ಮುಂದಕ್ಕೆ ಹೋಗುತ್ತದೆ. ಕೋಠಿಗೆ ಹೋದ ದಿನ ಊದು, ರಜದ ದಿನ ಊದು, ಮೊಬೈಲಿನಲ್ಲಿ ಫೋಟೋ ತೆಗೆದಿಡು ಎಂದರು. ಜಾಸ್ತಿಯಾದರೆ ಕಾಯಬೇಡ, ಕೂಡಲೇ ಬಾ ಎಂದೂ ಹೇಳಿದರು. ಫೋಟೋಗಳಲ್ಲಿ ನಮಗೇ ಕಂಡಿತು. ಕೋಠಿಯ ದಿನ ಮುಳ್ಳು ಮೊಂಡು ಎತ್ತಿನ ಹಾಗೆ ಅರ್ಧಕ್ಕೇ ನಿಲ್ಲುತ್ತಿತ್ತು. ರಜದ ದಿನ ಓಡುತ್ತಿತ್ತು. ಫೋಟೋ ತೋರಿಸಲು ಮತ್ತೆ ಆಸ್ಪತ್ರೆಗೆ ಹೋದೆವು.

"ಕೆಲ್ಸ ಬುಡ್ಬೇಕಾ ಮೇಡಂ?" ಎಂದು ಸೊಸೆ ಕೇಳಿದಾಗ ಅವಳ ಕಣ್ಣಲ್ಲಿ ನೀರು. ಆ ಕೆಲಸದಲ್ಲಿ ಅವಳ ಕೈ ಚೆನ್ನಾಗಿ ಓಡುತ್ತಿತ್ತು, ಮಾಲೀಕರು ಅವಳನ್ನೇ ಮೇಸ್ತ್ರಿ ಮಾಡುವ ಮಾತಾಡಿದ್ದರು.

"ಮಾಸ್ಕು ಹಾಕಿಕೊಂಡು ಮುಂದುವರಿಸು ಅಂತ ನಿನಗೆ ಹೇಳೋಕೆ ನನಗೆ ಧೈರ್ಯ ಇಲ್ಲಮ್ಮ. ಬೇಗ ಬಿಟ್ಟವರಿಗೆ ಪೂರ್ತಿ ಗುಣ ಆಗೋ ಸಾಧ್ಯತೆ ಇದೆ. ಎಳೆದಾಡಿದವರಿಗೆ ಅದು ಹಾಗೇ ಉಳಿದುಬಿಡುತ್ತೆ."

ಬಿಟ್ಟಳು. ಹೊರಗೆ ಬಂದವಳು ಮೊದಲು ಮಾಡಿದ್ದು, ಮಾಗಡಿಯ ಕೋಠಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಹಿರಿಯ ಹೆಂಗಸಿಗೆ ಫೋನು. ಆಯಮ್ಮನಿಗೆ ಬಹಳ ವರ್ಷದ ಕೆಮ್ಮು. "ಅಕ್ಕಾ, ನಿಂದು ತಂಡಿ ಕೆಮ್ಮಲ್ಲ ಕಣಕ್ಕಾ. ಬಂದು ಊದು" ಎಂದಳು. ಆಯಮ್ಮ ಬಂದರು, ಊದಿದರು. ಅವರದು ಹಳೆಯದು, ಔಷಧಿ ಬಿಡುವ ಹಾಗಿಲ್ಲ ಎಂದರಂತೆ ಡಾಕ್ಟರು. ಅವರನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಆಮೇಲೆ ಹೆಂಗಸರೆಲ್ಲ ಸೇರಿ ಮಾಲೀಕರ ಮುಂದೆ ನಿಂತ ಮೇಲೆ ಧೂಳು ಹೊರಗೆ ಎಳೆಯುವ ಫ್ಯಾನು ಹಾಕಿಸಿದ್ದಾರೆ, ಮಾಸ್ಕು ಕೊಡುತ್ತಿದ್ದಾರೆ ಎಂದು ಕೇಳಿದೆ.

ಡಾಕ್ಟರು ಸೊಸೆಗೆ ಒಂದಷ್ಟು ತಿಂಗಳು ಇದ್ದಲ್ಲೇ ಇದ್ದು ಔಷಧಿ ತಗೋ, ಎದೆ ಹದಕ್ಕೆ ಬರಲಿ ಎಂದಿದ್ದರು. ತವರಿನಲ್ಲೇ ಉಳಿದಳು. ನಡುವೆ ಒಂದು ವಾರ, ಈ ಮನೆ ಒಗ್ಗುತ್ತದೆಯೇ ನೋಡೋಣ ಎಂದು ಇಲ್ಲಿಗೆ ಬಂದಳು. ನಮ್ಮ ನೀರೇ ಕುಡಿದಳು. ಕುರಿಯನ್ನೂ ವಾಪಸ್ಸು ತನ್ನಿ, ಅದೂ ಗೊತ್ತಾಗಲಿ ಎಂದಿದ್ದರು ಡಾಕ್ಟರು. ನನ್ನ ತಮ್ಮ ಕುರಿ ಹೊಡೆದುಕೊಂಡು ಬಂದವನು, "ನೋಡಣ್ಣ, ನಿನ್ ಕುರಿಗೋಳು ಜೈಲಿಂದ ಬಿಡುಗಡೆ ಆದೊ. ತಪ್ಪೊಪ್ಪಿಕೊಂಡು ಒಂದ್ ಮಾತಾಡ್ಸು" ಎಂದ. ಸೊಸೆ ಆ ವಾರ ದಿನಾ ಸಂಜೆ ಊದಿದಳು. ಮುಳ್ಳು ಓಡಿತು. ಆದರೂ ಡಾಕ್ಟರು ನಿನ್ನೆಯವರೆಗೂ ಪೂರಾ ಒಪ್ಪಿಗೆ ಕೊಟ್ಟಿರಲಿಲ್ಲ. ನಿನ್ನೆ ಕೊಟ್ಟರು. "ಯಾವ ಮನೆ ಬೇಕಾದರೂ ನಿನಗೆ ಆಗುತ್ತಮ್ಮ, ಚಿಟ್ಟೆಯ ಮನೆ ಒಂದು ಬಿಟ್ಟು" ಎಂದರಂತೆ.

ಬಂದವಳು ಇವತ್ತೇ ತೋಟಕ್ಕೆ ಹೋಗಿ ನೋಡಿಕೊಂಡು ಬಂದಳು. ಹಿಪ್ಪುನೇರಳೆಯ ಕಡ್ಡಿ ನೆಟ್ಟು ಸಸಿ ಮಾಡಿ ಮಾರುತ್ತಾಳಂತೆ. ಬಯಲಿನ ಕೆಲಸ, ಚಿಟ್ಟೆ ಇಲ್ಲ. "ಮಾವ, ಆ ಮೂಲೆ ನಂಗ್ ಬುಟ್ಬುಡಿ" ಎಂದಳು. ಮೂಲೆ ಯಾಕೆ, ತೋಟವೇ ನಿನ್ನದು ಎಂದೆ. ಮಗನಿಗೆ ಸಸಿಗೆ ನೀರು ಹಾಯಿಸುವ ಕೆಲಸ ಈಗಲೇ ಹಂಚಿದ್ದಾಳೆ. ಬಿಡದಿಯ ಬಾಡಿಗೆ ಮನೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಮಧ್ಯಾಹ್ನದ ಮೇಲೆ ಬೀಗರು, ಬೀಗಿತ್ತಿ ಬಂದರು. ಬೀಗರು ಕೊಟ್ಟಿಗೆಯ ಕಡೆ ನೋಡಿ, "ಒಂದು ಮರಿ ಕುಯ್ಸಿ ಬೀಗ್ರೆ, ಇಂಥ ದಿನ ಯಾವಾಗ ಬತ್ತದೆ" ಎಂದರು.

"ಸುಮ್ಸುಮ್ನೆ ಮನೆ ಬುಟ್ಟು ಹೋಗಿದ್ದ ಕುರಿಗೋಳು ಅವು. ಇವತ್ತು ಅವ್ಕೂ ಹಬ್ಬ. ಕೋಳಿ ತಿನ್ನಿ ಸಾಕು" ಎಂದೆ.

"ಜಿಪುಣ" ಎಂದರು ಬೀಗರು. ಎರಡು ನಾಟಿ ಕೋಳಿ ಆದವು. ಅವರೇ ಕೂತು ಪುಕ್ಕ ಸುಟ್ಟು ಹೆಚ್ಚಿಕೊಟ್ಟರು.

ಸಂಜೆಯಾಯಿತು. ಹಿಂದೆಲ್ಲ ಸಿಳ್ಳೆ ಏಳುತ್ತಿದ್ದ ಹೊತ್ತು ಅದು. ಎಲ್ಲರೂ ಅಡುಗೆಮನೆಯ ಕಡೆಗೇ ಕಿವಿ ಇಟ್ಟಿದ್ದೆವು. ಅಲ್ಲಿಂದ ಬಂದದ್ದು ಮುದ್ದೆ ತಿರುವುವ ಕೋಲಿನ ಸದ್ದು, ಅತ್ತೆ ಸೊಸೆ ಉಪ್ಪಿಗಾಗಿ ಜಗಳವಾಡುವ ಸದ್ದು. ನಡುಮನೆಯಲ್ಲಿ ಸಾಲಾಗಿ ಕೂತೆವು. ನಾನು, ಬೀಗರು, ಮಗ, ತಮ್ಮ, ಬೀಗಿತ್ತಿ. ಬಡಿಸುತ್ತಾ ಓಡಾಡುತ್ತಿದ್ದ ಸೊಸೆಯ ಕೈಯಿಂದ ನನ್ನ ಹೆಂಡತಿ ಸೌಟು ಕಿತ್ತುಕೊಂಡು, ಅವಳನ್ನೂ ಕೂರಿಸಿ, ತಾನೂ ಕೂತಳು. ಮೊಮ್ಮಗಳು ನನ್ನ ತಟ್ಟೆಗೇ ಕೈ ಹಾಕಿ ಮುದ್ದೆ ಮುರಿದಳು, ಸಾರಿಗೆ ಅದ್ದಿದಳು, ಖಾರ ಎಂದಳು, ಮತ್ತೆ ಅದ್ದಿದಳು.

ಸೊಸೆ ಒಂದು ಮುದ್ದೆ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದಳು. ಅವಳ ತಾಯಿ ಉಣ್ಣುವುದು ಬಿಟ್ಟು ಮಗಳನ್ನೇ ನೋಡುತ್ತಾ ಕೂತಿದ್ದರು.

"ನೋಡ್ತಾ ಕೂತ್ರೆ ಸಾರು ಆರೋಯ್ತದೆ ಬೀಗಿತ್ತಿ, ಉಣ್ಣಿ" ಎಂದಳು ನನ್ನ ಹೆಂಡತಿ. "ಅವ್ಳು ನಾಳೀಕೂ ಇಲ್ಲೇ ಇರ್ತಾಳೆ."